ಪುಸ್ತಕ ಕಟ್ಟುವವನ ಓದು

ಕಥೆ ಕಾದಂಬರಿಗಳನ್ನು ಆರಿಸಿಕೊಳ್ಳುವುದಕ್ಕೆ ಯಾರೂ ಯಾರ ಸಲಹೆಯನ್ನೂ ಕೇಳಬೇಕಾಗಿಲ್ಲ. ನಾಲ್ಕು ಪುಟಗಳನ್ನು ಓದುವಷ್ಟರಲ್ಲಿ ಮನಸ್ಸು ಅದರಲ್ಲಿ ನಿಂತಿತೇ ಇಲ್ಲವೇ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ವಿಜ್ಞಾನ, ಚರಿತ್ರೆ, ಮನುಷ್ಯನ ವಿಚಾರಶಕ್ತಿ ಇವುಗಳನ್ನು ಕುರಿತ ಗ್ರಂಥಗಳ ವಿಷಯವು ಹಾಗಲ್ಲ. ಇಲ್ಲಿ ಬರೆದವನು ಬಲ್ಲವನು, ಓದುವವನು ಅರಿಯದವನು. ಅರಿಯದವನು ಬಲ್ಲವನ ಮಾತಿನ ತೂಕವನ್ನು ಯಾವ ತಕ್ಕಡಿಯಲ್ಲಿ ನೋಡಬೇಕು? ಈ ತೊಡಕಿಗೆ ಹೆದರಿ ಕೆಲವರು ದಪ್ಪ ರಟ್ಟಿನ ಸಂಪುಟಗಳನ್ನು ಕೊಂಡು ಗಾಜಿನ ಬೀರುವಿನಲ್ಲಿ ಇಟ್ಟು ಕೃತಾರ್ಥರಾಗುತ್ತಾರೆ. ಮತ್ತೆ ಕೆಲವರು ಹತ್ತು ಜನ ಹೊಗಳಿದ್ದನ್ನು ತಾವೂ ಹೊಗಳಿ ಸುಮ್ಮನಾಗುತ್ತಾರೆ. ಎರಡರಿಂದಲೂ ಮನೆಯ ಮಕ್ಕಳಿಗೆ ಒಂದೇ ಪಾಠವು ದೊರೆಯುತ್ತದೆ: ಅಚ್ಚಾದದ್ದೆಲ್ಲವೂ ನಿಜ ಎಂಬುದು. ಇದಕ್ಕಿಂತ ಹೆಚ್ಚು ನಷ್ಟವನ್ನುಂಟುಮಾಡುವ ಪಾಠವು ಬೇರೊಂದಿಲ್ಲ.

ಯಾವ ಪುಸ್ತಕವನ್ನು ಮನೆಗೆ ತರಬೇಕೆಂಬ ಪ್ರಶ್ನೆಗೆ ನಿಯಮಗಳನ್ನು ಹೇಳುವುದಕ್ಕಿಂತ, ಆ ಪ್ರಶ್ನೆಯನ್ನು ತನ್ನ ಬಾಳಿನಲ್ಲಿಯೇ ಬಿಡಿಸಿಕೊಂಡ ಒಬ್ಬ ಹುಡುಗನ ಚರಿತ್ರೆಯನ್ನು ನೋಡುವುದು ಲೇಸೆಂದು ತೋರುತ್ತದೆ. ಆತನೇ ಮೈಕೇಲ್ ಫ್ಯಾರಡೆ. ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳೆಲ್ಲಕ್ಕೂ ಮೂಲವಾದ ತತ್ತ್ವವನ್ನು ೧೮೩೧ರಲ್ಲಿ ಕಂಡುಹಿಡಿದವನೆಂದು ಆತನ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಆತನು ಆ ಮಟ್ಟಕ್ಕೆ ಏರಿದ್ದು ಕಾಲೇಜಿನ ಮೆಟ್ಟಿಲನ್ನು ಹತ್ತಿ ಅಲ್ಲ, ಜನಸಾಮಾನ್ಯರಿಗಾಗಿ ಬರೆದ ಎರಡು ಮೂರು ಪುಸ್ತಕಗಳನ್ನು ಹತ್ತಿ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಫ್ಯಾರಡೆಯು ೧೭೯೧ರಲ್ಲಿ ಲಂಡನ್ ನಗರದ ಹತ್ತಿರ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿದನು. ಓದು, ಬರಹ, ಕೂಡುವ ಕಳೆಯುವ ಲೆಕ್ಕ, ಇಷ್ಟೇ ಆತನಿಗೆ ಶಾಲೆಯಿಂದ ದೊರೆತದ್ದು. ೧೮೦೫ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಬ್ಲಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋ ಎಂಬ ಪುಸ್ತಕ ಕಟ್ಟುವವನ ಬಳಿ ಏಳು ವರ್ಷದ ಕರಾರಿನ ಮೇಲೆ ಕಸಬು ಕಲಿಯುವುದಕ್ಕೆ ಸೇರಿದನು. ರೀಬೋ ಸಜ್ಜನ. ಕಟ್ಟುವುದಕ್ಕೆ ಬಂದ ಹಾಳೆಗಳನ್ನು ಹುಡುಗನು ಓದುತ್ತ ಕುಳಿತರೆ ಗದರಿಸುತ್ತಿರಲಿಲ್ಲ. ಹೊಲಿಯುವ ದಾರ, ಅಂಟು, ಚರ್ಮ ಇವುಗಳ ನಡುವೆ ಆ ಹುಡುಗನ ಕೈಗೆ ನೂರಾರು ಗ್ರಂಥಗಳು ಬಂದು ಹೋದವು. ಕೈಗೆ ಬಂದದ್ದನ್ನೆಲ್ಲ ಓದುವ ಅವಕಾಶವಿದ್ದವನು ಯಾವುದನ್ನು ಹಿಡಿದು ನಿಂತನು ಎಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ.

ಆತನೇ ಮುಂದೆ ನೆನೆದು ಹೇಳಿದಂತೆ, ಎರಡು ಬರಹಗಳು ಆತನನ್ನು ವಿಜ್ಞಾನದ ಕಡೆಗೆ ತಿರುಗಿಸಿದವು. ಮೊದಲನೆಯದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಎಂಬ ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನ. ಎರಡನೆಯದು, ಮತ್ತು ನಮಗೆ ಹೆಚ್ಚು ಬೇಕಾದದ್ದು, ಜೇನ್ ಮಾರ್ಸೆಟ್ ಎಂಬಾಕೆ ಬರೆದ ‘ಕಾನ್ವರ್ಸೇಷನ್ಸ್ ಆನ್ ಕೆಮಿಸ್ಟ್ರಿ’, ಎಂದರೆ ರಸಾಯನಶಾಸ್ತ್ರ ಸಂವಾದ. ಈ ಗ್ರಂಥವು ೧೮೦೫ರ ಕೊನೆಯಲ್ಲಿ ಪ್ರಕಟವಾಯಿತು. ಹೆಂಗಸು ಬರೆದ ಶಾಸ್ತ್ರವನ್ನು ಲೋಕವು ಹೇಗೆ ಸ್ವೀಕರಿಸೀತೋ ಎಂಬ ಅಂಜಿಕೆಯ ಕಾಲವಾದುದರಿಂದ ಬಹಳ ವರ್ಷಗಳವರೆಗೆ ಅದರ ಮುಖಪುಟದಲ್ಲಿ ಆಕೆಯ ಹೆಸರೇ ಇರಲಿಲ್ಲ. ಮಾರ್ಸೆಟ್ ವಿಜ್ಞಾನಿಯಲ್ಲ, ಹಂಫ್ರಿ ಡೇವಿಯು ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಮಾಡುತ್ತಿದ್ದ ಉಪನ್ಯಾಸಗಳಿಗೆ ಹೋಗಿ ಬಂದು, ಅರ್ಥವಾಗದುದನ್ನು ಮನೆಯಲ್ಲಿ ಮತ್ತೆ ಪ್ರಯೋಗ ಮಾಡಿ ಚರ್ಚಿಸಿ ತಿಳಿದುಕೊಂಡವಳು. ತಾನು ತಿಳಿದುಕೊಂಡ ದಾರಿಯಲ್ಲಿಯೇ ಇತರರನ್ನು ನಡೆಸಬೇಕೆಂದು ಪುಸ್ತಕವನ್ನು ಸಂವಾದರೂಪದಲ್ಲಿ ಹೆಣೆದಳು. ಅದರಲ್ಲಿ ಒಬ್ಬ ಉಪಾಧ್ಯಾಯಿನಿ, ಎಮಿಲಿ, ಕರೊಲೈನ್ ಎಂಬ ಇಬ್ಬರು ಹುಡುಗಿಯರು. ಎಮಿಲಿ ಯೋಚಿಸಿ ಕೇಳುವವಳು. ಕರೊಲೈನ್ ತಟ್ಟನೆ ಎದುರುಮಾತಾಡುವವಳು. ಗುರುಶಿಷ್ಯರ ಸಂವಾದವು ನಮಗೆ ಹೊಸದಲ್ಲ. ಆದರೆ ಶಿಷ್ಯನು ತಲೆದೂಗುವುದಕ್ಕಾಗಿಯೇ ಕುಳಿತಿರುವ ಸಂವಾದಗಳು ನಮ್ಮಲ್ಲಿ ಬಹಳ; ಕರೊಲೈನಳಂತಹ ಶಿಷ್ಯೆಯಿರುವುದು ಅಪರೂಪ.

ಫ್ಯಾರಡೆಯು ಈ ಪುಸ್ತಕವನ್ನು ಹೇಗೆ ಓದಿದನೆಂಬುದನ್ನು ಆತನು ೧೮೫೮ರಲ್ಲಿ, ಮಾರ್ಸೆಟ್ ತೀರಿಕೊಂಡ ವರ್ಷ, ಮಿತ್ರನೊಬ್ಬನಿಗೆ ಬರೆದ ಕಾಗದದಲ್ಲಿ ತಿಳಿಸಿದ್ದಾನೆ. ತಾನು ಆಳವಾಗಿ ಯೋಚಿಸುವ ಹುಡುಗನೇನೂ ಆಗಿರಲಿಲ್ಲ, ಅರೇಬಿಯನ್ ನೈಟ್ಸ್ ಕಥೆಗಳನ್ನು ವಿಶ್ವಕೋಶದಷ್ಟೇ ಸುಲಭವಾಗಿ ನಂಬುವವನಾಗಿದ್ದೆ, ಆದರೆ ಸಂಗತಿಯೊಂದನ್ನು ಪರೀಕ್ಷಿಸಿ ನೋಡುವ ಚಟವೊಂದಿತ್ತು ಎಂಬುದು ಅದರ ಸಾರ. ಆ ಪುಸ್ತಕದಲ್ಲಿ ಹೇಳಿದ ಸಣ್ಣ ಪ್ರಯೋಗಗಳನ್ನು ಕೈಲಿದ್ದ ಅಲ್ಪ ಕಾಸಿನಲ್ಲಿ ಆತನು ಮಾಡಿ ನೋಡಿದನು. ತನಗೆ ತಿಳಿಯುವ ಮಟ್ಟಿಗೆ ಅವು ನಿಜವಾಗಿ ಬಂದವು. ಆಗ ಆತನಿಗೆ ಆ ಗ್ರಂಥದ ಉಳಿದ ಮಾತುಗಳಲ್ಲಿಯೂ ಭರವಸೆ ಹುಟ್ಟಿತು. ಈ ಕ್ರಮವನ್ನು ವಾಚಕರು ಗಮನಿಸಬೇಕು. ಬರೆದವರ ಪದವಿಯನ್ನು ನೋಡಿ ಹುಟ್ಟಿದ ನಂಬಿಕೆಯಲ್ಲ ಇದು. ಬರೆದವರ ಹೆಸರೇ ಆ ಪುಸ್ತಕದಲ್ಲಿರಲಿಲ್ಲವಷ್ಟೆ. ತನ್ನ ಮಾತನ್ನು ಪರೀಕ್ಷಿಸುವ ಸಾಧನವನ್ನು ಪುಸ್ತಕವು ತಾನೇ ಓದುವವನ ಕೈಗೆ ಕೊಟ್ಟಿತು. ಅರಿಯದವನಿಗೆ ತಕ್ಕಡಿ ಎಲ್ಲಿಂದ ಬರಬೇಕೆಂದು ಮೇಲೆ ಕೇಳಿದೆವು. ಒಳ್ಳೆಯ ಪುಸ್ತಕವು ತಕ್ಕಡಿಯನ್ನು ತನ್ನ ಜೊತೆಯಲ್ಲಿಯೇ ತರುತ್ತದೆ.

ಆತನ ಕೈಗೆ ಬಂದ ಇನ್ನೊಂದು ಪುಸ್ತಕ ವಿಜ್ಞಾನದ್ದಲ್ಲ. ಐಸಾಕ್ ವಾಟ್ಸ್ ಎಂಬ ಪಾದ್ರಿಯು ೧೭೪೧ರಲ್ಲಿ ಪ್ರಕಟಿಸಿದ ‘ದಿ ಇಂಪ್ರೂವ್‌ಮೆಂಟ್ ಆಫ್ ದಿ ಮೈಂಡ್’ ಎಂಬ ಅದು ಮನಸ್ಸನ್ನು ತಿದ್ದಿಕೊಳ್ಳುವ ಬಗೆಯನ್ನು ಹೇಳುವುದು. ಓದಿದ್ದನ್ನು ಬರೆದಿಡಬೇಕು, ಉಪನ್ಯಾಸಗಳಿಗೆ ಹೋಗಬೇಕು, ಸಮಾನ ಆಸಕ್ತಿಯವರೊಡನೆ ಕಾಗದ ಬರೆದು ಚರ್ಚಿಸಬೇಕು, ಅವಸರದಿಂದ ತೀರ್ಮಾನಕ್ಕೆ ಬರಬಾರದು ಎಂಬ ಇದರ ಉಪದೇಶಗಳನ್ನು ಫ್ಯಾರಡೆಯು ಅಕ್ಷರಶಃ ಪಾಲಿಸಿದನು. ಸಿಟಿ ಫಿಲಸಾಫಿಕಲ್ ಸೊಸೈಟಿ ಎಂಬ ಸಣ್ಣ ಸಂಘದ ಉಪನ್ಯಾಸಗಳಿಗೆ ಹೋದನು. ಒಂದೊಂದಕ್ಕೆ ಒಂದು ಷಿಲ್ಲಿಂಗ್ ಶುಲ್ಕ, ಕೊಟ್ಟವನು ಅಣ್ಣ ರಾಬರ್ಟ್. ನಮ್ಮ ಸಂಘದಂತಹ ಸಂಘಗಳ ಸಭೆಗಳಲ್ಲಿ ಖಾಲಿ ಕುರ್ಚಿಗಳನ್ನು ಕಂಡು ಬೇಸರಪಡುವವರು ಇದನ್ನು ನೆನೆದು ಸಮಾಧಾನ ತಂದುಕೊಳ್ಳಬಹುದು. ೧೮೧೨ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಡೇವಿಯ ಉಪನ್ಯಾಸಗಳಿಗೆ ಟಿಕೆಟ್ಟು ಕೊಡಿಸಿದನು. ಹುಡುಗನು ಗ್ಯಾಲರಿಯಲ್ಲಿ ಕುಳಿತು ನಾಲ್ಕು ಉಪನ್ಯಾಸಗಳನ್ನು ಗುರುತು ಹಾಕಿಕೊಂಡು, ಮನೆಯಲ್ಲಿ ವಿಸ್ತರಿಸಿ ಬರೆದು, ಚಿತ್ರಗಳನ್ನು ಸೇರಿಸಿ, ಕಲಿತ ಕಸುಬಿನಿಂದ ತಾನೇ ಅಂದವಾಗಿ ಕಟ್ಟಿ, ಡೇವಿಗೆ ಕಳುಹಿಸಿದನು. ೧೮೧೩ರ ಮಾರ್ಚಿಯಲ್ಲಿ ಆತನಿಗೆ ಆ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ದೊರೆಯಿತು: ವಾರಕ್ಕೆ ಇಪ್ಪತ್ತೈದು ಷಿಲ್ಲಿಂಗ್, ಮೇಲಂತಸ್ತಿನಲ್ಲಿ ಎರಡು ಕೋಣೆ. ಮುಂದಿನದು ವಿಜ್ಞಾನದ ಚರಿತ್ರೆಗೆ ಸೇರಿದ್ದು. ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಮಾರ್ಸೆಟಳ ಪುಸ್ತಕವನ್ನು ಈಗ ಯಾರಾದರೂ ಕೊಂಡು ಮಕ್ಕಳಿಗೆ ಕೊಡಬೇಕೆಂದು ನಾವು ಹೇಳುವುದಿಲ್ಲ. ಶಾಖವನ್ನು ಒಂದು ದ್ರವ್ಯವೆಂದು ತಿಳಿಯುತ್ತಿದ್ದ ಕಾಲದ ರಸಾಯನಶಾಸ್ತ್ರ ಅದು. ಅದರ ಬೆಲೆ ಈಗ ಚಾರಿತ್ರಿಕವಾದದ್ದು. ಆದರೆ ಆಕೆಯಿಂದ ಪಡೆದ ಸಾಲವನ್ನು ಫ್ಯಾರಡೆಯು ತೀರಿಸಿದ ಪುಸ್ತಕವೊಂದಿದೆ. ಅದು ಹಳತಾಗಿಲ್ಲ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ೧೮೨೫ರಿಂದ ಕ್ರಿಸ್‌ಮಸ್ ಕಾಲದಲ್ಲಿ ಎಳೆಯರಿಗಾಗಿ ಉಪನ್ಯಾಸಮಾಲೆಗಳು ಪ್ರಾರಂಭವಾದವು. ಫ್ಯಾರಡೆಯು ಅಂತಹ ಹತ್ತೊಂಬತ್ತು ಮಾಲೆಗಳನ್ನು ನಡೆಸಿದನು. ೧೮೬೦–೬೧ರ ಚಳಿಗಾಲದಲ್ಲಿ, ಎಪ್ಪತ್ತರ ಹತ್ತಿರ ಬಂದಿದ್ದಾಗ, ಮೇಣದ ಬತ್ತಿಯೊಂದನ್ನೇ ವಿಷಯವಾಗಿಟ್ಟುಕೊಂಡು ಆರು ಉಪನ್ಯಾಸಗಳನ್ನು ಮಾಡಿದನು. ವಿಲಿಯಂ ಕ್ರೂಕ್ಸ್ ಎಂಬ ವಿಜ್ಞಾನಿಯು ಅವುಗಳನ್ನು ೧೮೬೧ರಲ್ಲಿ ‘ದಿ ಕೆಮಿಕಲ್ ಹಿಸ್ಟರಿ ಆಫ್ ಎ ಕ್ಯಾಂಡಲ್’ ಎಂಬ ಹೆಸರಿನಿಂದ ಪ್ರಕಟಿಸಿದನು. ಒಂದು ಮನೆಗೆ ಒಂದೇ ವಿಜ್ಞಾನಗ್ರಂಥವನ್ನು ಕೊಳ್ಳುವ ಶಕ್ತಿಯಿದ್ದರೆ ನಾವು ಈ ಸಣ್ಣ ಪುಸ್ತಕವನ್ನೇ ಸೂಚಿಸುತ್ತೇವೆ.

ಇದರಲ್ಲಿ ಇರುವುದೇನು? ಬತ್ತಿಯು ಉರಿಯುತ್ತದೆ, ಅಷ್ಟೆ. ಕರಗಿದ ಮೇಣವು ಬತ್ತಿಯ ನೂಲಿನಲ್ಲಿ ಮೇಲಕ್ಕೇರುವುದು ಹೇಗೆ? ಉರಿಯು ನೂಲನ್ನು ಹಿಡಿದು ಕೆಳಕ್ಕಿಳಿದು ಮೇಣವನ್ನೆಲ್ಲ ಏಕೆ ಹೊತ್ತಿಸುವುದಿಲ್ಲ? ಉರಿಯುವುದು ಮೇಣವೋ, ನೂಲೋ, ಬೇರೆ ಏನೋ? ಒಂದೊಂದು ಪ್ರಶ್ನೆಗೂ ಒಂದೊಂದು ಪ್ರಯೋಗ. ಬತ್ತಿಯನ್ನು ಮೆಲ್ಲಗೆ ಆರಿಸಿದರೆ ಅದರ ತುದಿಯಿಂದ ಬಿಳಿಯ ಹೊಗೆಯ ಎಳೆಯೊಂದು ಮೇಲೇಳುವುದನ್ನು ಎಲ್ಲರೂ ಕಂಡಿದ್ದೇವೆ. ಉರಿಯುವ ಕಡ್ಡಿಯನ್ನು ಬತ್ತಿಗೆ ಮುಟ್ಟಿಸದೆ, ಎರಡು ಮೂರು ಅಂಗುಲ ಮೇಲೆ, ಆ ಎಳೆಗೆ ಹಿಡಿದರೆ ಉರಿಯು ಎಳೆಯಲ್ಲಿ ಓಡಿ ಬಂದು ಬತ್ತಿಯನ್ನು ಹೊತ್ತಿಸುತ್ತದೆ. ಉರಿಯುವುದು ಮೇಣದ ಆವಿ ಎಂಬುದು ಹೀಗೆ ಕಣ್ಣಿಗೆ ಕಾಣುತ್ತದೆ. ಹಿರಿಯರೊಬ್ಬರು ಹತ್ತಿರವಿದ್ದು, ಗಾಳಿಯಾಡದ ಕೋಣೆಯಲ್ಲಿ ಮಾಡಿದರೆ ಯಾವ ಮನೆಯಲ್ಲಿಯೂ ಸಾಧ್ಯವಾಗುವ ಪ್ರಯೋಗ ಇದು. ದೇವರ ಮುಂದಿನ ಎಣ್ಣೆಯ ದೀಪದಲ್ಲಿಯೂ ಬತ್ತಿಯು ಎಣ್ಣೆಯನ್ನು ಹೀರುವ ಬಗೆ ಅದೇ.

ಉರಿಯಿಂದ ನೀರು ಹುಟ್ಟುತ್ತದೆ ಎಂಬ ಸಂಗತಿಯನ್ನು ತೋರಿಸುವುದಕ್ಕೆ ಫ್ಯಾರಡೆಯು ಮಂಜುಗಡ್ಡೆಯನ್ನು ತುಂಬಿದ ಪಾತ್ರೆಯನ್ನು ಉರಿಯ ಮೇಲೆ ಹಿಡಿದು ಹನಿಗಳನ್ನು ಸಂಗ್ರಹಿಸಿದನು. ಇಲ್ಲಿ ಒಂದು ಮಾತು. ನಮ್ಮ ಕರಾವಳಿಯಂತಹ ತೇವದ ಹವೆಯಲ್ಲಿ ಮಂಜುಗಡ್ಡೆಯ ಪಾತ್ರೆಯು ಯಾವ ಉರಿಯೂ ಇಲ್ಲದೆ ತಾನೇ ಬೆವರುತ್ತದೆ. ಆ ಹನಿಯು ಗಾಳಿಯದೋ ಉರಿಯದೋ ಎಂದು ಮಗುವು ಕೇಳಿದರೆ ನಾವು ಸಂತೋಷಪಡಬೇಕು. ಒರೆಸಿ ಒಣಗಿಸಿದ, ಕೋಣೆಯಷ್ಟೇ ಶಾಖವುಳ್ಳ ಎರಡು ಗಾಜಿನ ಲೋಟಗಳನ್ನು ತಂದು, ಒಂದನ್ನು ಉರಿಯ ಮೇಲೆ ಒಂದು ಕ್ಷಣ ಬೋರಲು ಹಿಡಿದು, ಇನ್ನೊಂದನ್ನು ದೂರದಲ್ಲಿ ಹಾಗೆಯೇ ಬೋರಲು ಹಿಡಿದು ನೋಡಿದರೆ ಉತ್ತರವು ದೊರೆಯುತ್ತದೆ. ಮೊದಲನೆಯದರ ಒಳಮೈ ಮಂಜಾಗುತ್ತದೆ, ಎರಡನೆಯದು ಆಗುವುದಿಲ್ಲ. ಪುಸ್ತಕದಲ್ಲಿ ಬರೆದದ್ದನ್ನು ನಮ್ಮ ಊರಿನ ಹವೆಗೆ ತಿದ್ದಿಕೊಳ್ಳುವ ಈ ಕೆಲಸವನ್ನು ಮಾಡುವಾಗ ನಾವು ಓದುವವರಷ್ಟೇ ಆಗಿ ಉಳಿಯುವುದಿಲ್ಲ. ಕೊನೆಯ ಉಪನ್ಯಾಸದಲ್ಲಿ ಫ್ಯಾರಡೆಯು ಬತ್ತಿಯ ಉರಿಯಿಂದ ನಮ್ಮ ಉಸಿರಿಗೆ ಬರುತ್ತಾನೆ. ಎರಡೂ ಗಾಳಿಯಿಂದ ಒಂದೇ ಅಂಶವನ್ನು ತೆಗೆದುಕೊಂಡು ಒಂದೇ ಬಗೆಯ ಅನಿಲವನ್ನು ಬಿಡುತ್ತವೆ ಎಂದು ತೋರಿಸುವ ಆ ಪುಟಗಳು ಹನ್ನೆರಡು ವರ್ಷದ ಹುಡುಗಿಗೂ ಅಜ್ಜನಿಗೂ ಸಮಾನವಾಗಿ ರುಚಿಸುತ್ತವೆ.

ಮನುಷ್ಯನ ವಿಚಾರಶಕ್ತಿಯನ್ನು ಕುರಿತ ಗ್ರಂಥಗಳಿಗೆ ಬರುವ ಮೊದಲು ಫ್ಯಾರಡೆಯ ಇನ್ನೊಂದು ಪ್ರಯೋಗವನ್ನು ಹೇಳಬೇಕು. ೧೮೫೩ರಲ್ಲಿ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚೊಂದು ಹಬ್ಬಿತ್ತು. ನಾಲ್ಕಾರು ಜನ ಮೇಜಿನ ಮೇಲೆ ಕೈಯಿಟ್ಟು ಕುಳಿತರೆ ಸ್ವಲ್ಪ ಹೊತ್ತಿನಲ್ಲಿ ಮೇಜು ತಾನೇ ತಿರುಗುತ್ತಿತ್ತು. ಕೆಲವರು ಇದು ಪ್ರೇತಗಳ ಕೆಲಸವೆಂದರು, ಕೆಲವರು ವಿದ್ಯುತ್ತಿನದೆಂದರು. ಫ್ಯಾರಡೆಯು ಕೈಗಳಿಗೂ ಮೇಜಿಗೂ ನಡುವೆ ಜಾರುವ ಹಲಗೆಗಳನ್ನಿಟ್ಟು, ಕೈಯು ಮೇಜನ್ನು ತಳ್ಳಿತೇ ಮೇಜು ಕೈಯನ್ನು ಎಳೆಯಿತೇ ಎಂಬುದನ್ನು ತೋರಿಸುವ ಸೂಚಕವೊಂದನ್ನು ಜೋಡಿಸಿದನು. ಕೈಗಳೇ ತಳ್ಳುತ್ತಿದ್ದವು. ಕುಳಿತವರು ಮೋಸಗಾರರಲ್ಲ, ತಾವು ತಳ್ಳುತ್ತಿಲ್ಲವೆಂದು ನಿಜವಾಗಿಯೂ ನಂಬಿದ್ದವರು. ಆ ಸೂಚಕವು ಅವರ ಕಣ್ಣಿಗೆ ಬೀಳುವಂತೆ ಇಟ್ಟೊಡನೆ ಮೇಜು ತಿರುಗುವುದು ನಿಂತುಹೋಯಿತು! ಮರುವರ್ಷ ಮಾಡಿದ ಉಪನ್ಯಾಸವೊಂದರಲ್ಲಿ ಫ್ಯಾರಡೆಯು, ನಾವು ಬಯಸಿದ್ದನ್ನೇ ನಿಜವೆಂದು ಕಾಣುವ ನಮ್ಮ ಮನಸ್ಸಿನ ಒಲವೇ ತಿಳಿವಳಿಕೆಗೆ ದೊಡ್ಡ ಅಡ್ಡಿಯೆಂದು ವಿವರಿಸಿದನು.

ಈ ವಿಷಯದ ಮೇಲೆ ನಮ್ಮ ಕಾಲದಲ್ಲಿ ಬಂದ ಗ್ರಂಥಗಳಲ್ಲಿ ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞನ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ ಎಂಬುದನ್ನು (೨೦೧೧) ಮನೆಯಲ್ಲಿಡಬೇಕು. ಅದರಲ್ಲಿರುವ ಒಂದು ಲೆಕ್ಕವನ್ನು ನಮ್ಮ ಪದಾರ್ಥಗಳಿಗೆ ಹೊಂದಿಸಿ ಹೇಳುತ್ತೇವೆ. ಲೇಖನಿ ಮತ್ತು ಮಸಿಯ ಕುಡಿಕೆ ಎರಡರ ಬೆಲೆ ಸೇರಿ ೧೧೦ ರೂಪಾಯಿ, ಲೇಖನಿಯ ಬೆಲೆಯು ಕುಡಿಕೆಯದಕ್ಕಿಂತ ೧೦೦ ರೂಪಾಯಿ ಹೆಚ್ಚು, ಕುಡಿಕೆಯ ಬೆಲೆಯೆಷ್ಟು? ಹತ್ತು ರೂಪಾಯಿ ಎಂದು ನಾಲಗೆಯ ತುದಿಗೆ ಬಂದುಬಿಡುತ್ತದೆ. ಸರಿಯುತ್ತರ ಐದು. ಓದುವವನು ತನ್ನ ಮನಸ್ಸು ಎಡವುವುದನ್ನು ತಾನೇ ಹಿಡಿಯುವಂತೆ ಮಾಡುವುದೇ ಈ ಗ್ರಂಥದ ಗುಣ. ದೋಷವೂ ಉಂಟು. ಮುದಿತನವನ್ನು ನೆನಪಿಸುವ ಪದಗಳನ್ನು ಓದಿದವರು ತಮಗರಿವಿಲ್ಲದೆ ನಿಧಾನವಾಗಿ ನಡೆಯುತ್ತಾರೆ ಎಂಬಂತಹ ಪ್ರಯೋಗಗಳನ್ನು ಕುರಿತ ಅಧ್ಯಾಯವೊಂದನ್ನು ಕಾನೆಮನ್ ಸಂಶಯಕ್ಕೆ ಎಡೆಯಿಲ್ಲವೆಂಬ ಧಾಟಿಯಲ್ಲಿ ಬರೆದಿದ್ದನು. ಇತರರು ಅಂತಹ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಹಲವು ನಿಲ್ಲಲಿಲ್ಲ. ೨೦೧೭ರಲ್ಲಿ ಕಾನೆಮನ್, ಅಲ್ಪಸಂಖ್ಯೆಯ ಜನರ ಮೇಲೆ ನಡೆದ ಪ್ರಯೋಗಗಳಲ್ಲಿ ತಾನು ಅತಿಯಾದ ವಿಶ್ವಾಸವಿಟ್ಟೆನೆಂದು ಬಹಿರಂಗವಾಗಿ ಬರೆದು ಒಪ್ಪಿಕೊಂಡನು. ಆ ನಾಲ್ಕನೆಯ ಅಧ್ಯಾಯದ ಅಂಚಿನಲ್ಲಿ ಇದನ್ನು ಬರೆದಿಟ್ಟು ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟರೆ, ಪುಸ್ತಕದ ಬೆಲೆ ಇಮ್ಮಡಿಯಾಗುತ್ತದೆಂದೇ ನಮ್ಮ ಅಭಿಪ್ರಾಯ.

ಚರಿತ್ರೆಯಲ್ಲಿ ಪ್ರಯೋಗವೆಂಬುದಿಲ್ಲ, ಸತ್ತವರನ್ನು ಕರೆದು ಕೇಳುವಂತಿಲ್ಲ. ಹಾಗಾದರೆ ಓದುವವನಿಗೆ ತಕ್ಕಡಿಯೆಲ್ಲಿ? ಇದಕ್ಕೆ ಉತ್ತರವನ್ನು ಟ್ಯುನಿಸ್ ನಗರದಲ್ಲಿ ೧೩೩೨ರಲ್ಲಿ ಹುಟ್ಟಿದ ಇಬ್ನ್ ಖಲ್ದೂನನು ತನ್ನ ‘ಮುಖದ್ದಿಮಾ’ ಗ್ರಂಥದಲ್ಲಿ (೧೩೭೭) ಕೊಟ್ಟಿದ್ದಾನೆ. ಮೋಸೆಸನು ಈಜಿಪ್ಟಿನಿಂದ ಹೊರಟಾಗ ಆರು ಲಕ್ಷಕ್ಕೂ ಮಿಕ್ಕ ಯೋಧರನ್ನು ಎಣಿಸಿದನೆಂದು ಹಿಂದಿನ ಚರಿತ್ರಕಾರರು ಒಬ್ಬರನ್ನೊಬ್ಬರು ನೋಡಿ ಬರೆಯುತ್ತ ಬಂದಿದ್ದರು. ಖಲ್ದೂನನು ಕೇಳುತ್ತಾನೆ: ಅಷ್ಟು ಸೈನ್ಯವನ್ನು ಆ ಸೀಮೆಯು ಸಾಕಬಲ್ಲುದೇ? ಸಾಲು ನಿಲ್ಲಿಸಿದರೆ ಒಂದು ತುದಿಯಲ್ಲಿ ನಡೆದದ್ದು ಇನ್ನೊಂದು ತುದಿಗೆ ತಿಳಿಯುವುದೇ? ಅದಕ್ಕಿಂತ ಎಷ್ಟೋ ದೊಡ್ಡದಾದ ಪಾರಸಿಕ ಸಾಮ್ರಾಜ್ಯವು ಕಾದಿಸಿಯಾ ಯುದ್ಧಕ್ಕೆ ತಂದದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಯಾಕೋಬನಿಂದ ಮೋಸೆಸನಿಗೆ ನಾಲ್ಕೇ ತಲೆಮಾರು. ಅಷ್ಟರಲ್ಲಿ ಒಂದು ಕುಟುಂಬವು ಅಷ್ಟಾಗಿ ಬೆಳೆಯುವುದುಂಟೇ? ನೆಲ, ಅನ್ನ, ಕಾಲ ಇವುಗಳ ಲೆಕ್ಕಕ್ಕೆ ಹೊಂದದ ಮಾತನ್ನು ಯಾರು ಹೇಳಿದರೂ ಒಪ್ಪಬಾರದೆಂಬುದು ಆತನ ಮತ. ನಮ್ಮ ಬಖೈರುಗಳಲ್ಲಿ, ಕೈಫಿಯತ್ತುಗಳಲ್ಲಿ, ಊರ ಹಿರಿಯರ ಬಾಯಲ್ಲಿ ಬರುವ ಲಕ್ಷೋಪಲಕ್ಷ ಸೈನ್ಯಗಳನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡುವುದು ಒಂದು ಸಂಜೆಯ ಒಳ್ಳೆಯ ವಿನೋದ. ಫ್ರಾಂಜ್ ರೋಸೆಂತಾಲನ ಇಂಗ್ಲಿಷ್ ಅನುವಾದವು (೧೯೫೮) ಮೂರು ಸಂಪುಟಗಳಷ್ಟು ದೊಡ್ಡದು. ಮೊದಲ ನೂರು ಪುಟಗಳನ್ನು ಓದಿದರೆ ಈ ವಿಷಯಕ್ಕೆ ಸಾಕು.

ಕನ್ನಡದಲ್ಲಿ ಈ ಕೆಲಸಕ್ಕೆ ನಾವು ಮುಂದೆ ಮಾಡುವ ಗ್ರಂಥವು ಎಂ. ಚಿದಾನಂದಮೂರ್ತಿಗಳ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (೧೯೬೬). ಕ್ರಿ. ಶ. ೪೫೦ರಿಂದ ೧೧೫೦ರವರೆಗಿನ ಶಾಸನಗಳನ್ನು ಆಧಾರವಾಗಿಟ್ಟುಕೊಂಡು ಆ ಕಾಲದ ಜನರ ಬಾಳನ್ನು ಅವರು ಕಟ್ಟಿದ್ದಾರೆ. ಇದು ಪಂಡಿತರ ಗ್ರಂಥ, ಕಾದಂಬರಿಯಂತೆ ಓಡುವುದಿಲ್ಲ. ಆದರೆ ಹೇಳಿದ ಮಾತಿಗೆ ಕಲ್ಲಿನ ಸಾಕ್ಷಿಯಿದೆ. ಆ ಬಗೆಯ ಕಲ್ಲುಗಳು ನಮ್ಮ ಊರುಗಳ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ ನಿಂತಿವೆ. ವೀರಗಲ್ಲುಗಳ ಅಧ್ಯಾಯವನ್ನು ಓದಿ, ಮನೆಮಂದಿಯೆಲ್ಲ ಹೋಗಿ ಹತ್ತಿರದ ಒಂದು ವೀರಗಲ್ಲನ್ನು ನೋಡಿ ಬಂದರೆ, ಮಾರ್ಸೆಟಳ ಪುಸ್ತಕದಿಂದ ಫ್ಯಾರಡೆಗೆ ದೊರೆತದ್ದೇ ಚರಿತ್ರೆಯಲ್ಲಿ ನಮಗೆ ದೊರೆಯುತ್ತದೆ.

ಇದಕ್ಕೆ ಪ್ರತಿಯಾಗಿ, ಈಗ ಬಹಳ ಮನೆಗಳಲ್ಲಿ ಕಾಣುವ ಯುವಾಲ್ ನೋವಾ ಹರಾರಿಯ ‘ಸೇಪಿಯನ್ಸ್’ ಗ್ರಂಥವನ್ನು ನೋಡಿರಿ. ಎಪ್ಪತ್ತು ಸಾವಿರ ವರ್ಷಗಳ ಕಥೆಯನ್ನು ಒಂದು ಸಂಪುಟದಲ್ಲಿ ಹೇಳುವ ಸೊಗಸು ಅದರಲ್ಲಿದೆ. ಗೋಧಿಯನ್ನು ಮನುಷ್ಯನು ಸಾಕಲಿಲ್ಲ, ಗೋಧಿಯೇ ಮನುಷ್ಯನನ್ನು ಸಾಕಿತು ಎಂಬಂತಹ ಚಮತ್ಕಾರಗಳು ಮನಸ್ಸಿನಲ್ಲಿ ನಿಲ್ಲುತ್ತವೆ. ಆದರೆ ಆ ಮಾತನ್ನು ಪರೀಕ್ಷಿಸುವ ಬಗೆ ಹೇಗೆಂದು ಓದುವವನು ಕೇಳಿದರೆ ಲೇಖಕನು ಅಷ್ಟರಲ್ಲಿ ಐದು ಸಾವಿರ ವರ್ಷ ಮುಂದೆ ಹೋಗಿರುತ್ತಾನೆ. ಓದಬಾರದೆಂದು ನಾವು ಹೇಳುವುದಿಲ್ಲ. ಮೊದಲನೆಯದಾಗಿ ಓದಬಾರದು.

ಕನ್ನಡದಲ್ಲಿಯೇ ಬರೆದ ವಿಜ್ಞಾನಗ್ರಂಥಗಳಲ್ಲಿ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಮಾರ್ಸೆಟ್ ಹಾಕಿದ ಪಂಕ್ತಿಗೆ ನೇರವಾಗಿ ಸೇರುತ್ತದೆ. ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಪುಸ್ತಕದಲ್ಲಿ ಅಧ್ಯಾಪಕನೂ ಶಿಷ್ಯವರ್ಗವೂ ಕಾಡಿನಲ್ಲಿ ಅಲೆಯುತ್ತ ಗಿಡಮರಗಳನ್ನು ಗುರುತಿಸುತ್ತಾರೆ. ಕರೊಲೈನಳಂತೆ ಅಡ್ಡಪ್ರಶ್ನೆ ಹಾಕುವ ವಿದ್ಯಾರ್ಥಿಗಳು ಇಲ್ಲಿಯೂ ಇದ್ದಾರೆ. ಚಿತ್ರಗಳು ಸ್ವಾಮಿಯವರ ಕೈಯವೇ. ಹಾಸ್ಯವು ಕೆಲವೆಡೆ ಸಸ್ಯಕ್ಕಿಂತ ಎತ್ತರವಾಗಿ ಬೆಳೆದಿದೆಯೆಂದು ಗಂಭೀರ ಸ್ವಭಾವದವರು ಹೇಳಬಹುದು. ಅಂತಹವರೂ ಓದುವುದನ್ನು ನಿಲ್ಲಿಸಿದ್ದನ್ನು ನಾವು ಕಂಡಿಲ್ಲ. ಇದನ್ನು ಬೀರುವಿನಲ್ಲಿಡದೆ, ಮಲೆನಾಡಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಳ್ಳಬೇಕು.

ಹಳೆಯ ಮನೆಗಳ ಅಟ್ಟದ ಮೇಲೆ ಶಿವರಾಮ ಕಾರಂತರ ಮೂರು ಸಂಪುಟಗಳ ‘ಬಾಲಪ್ರಪಂಚ’ವೋ, ತರುವಾಯ ಬಂದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೋ ಇನ್ನೂ ಇದ್ದರೆ ಅವುಗಳನ್ನು ರದ್ದಿಯವನಿಗೆ ಹಾಕಬೇಡಿರಿ. ಒಬ್ಬನೇ ಮನುಷ್ಯನು ಅಷ್ಟು ಶಾಸ್ತ್ರಗಳನ್ನು ತಾನು ಕಲಿತು ಕನ್ನಡದಲ್ಲಿ ಹೇಳಿದ ಸಾಹಸ ಅದು. ಆ ಕಾಲದ ಯಾವ ಪುಸ್ತಕದಲ್ಲಿಯೂ ಆದಂತೆ ಅವುಗಳಲ್ಲಿಯೂ ಕಾಲವು ತಿದ್ದಿದ ಸಂಗತಿಗಳು ಇದ್ದೇ ಇರುತ್ತವೆ. ಭೂಖಂಡಗಳು ಚಲಿಸುತ್ತವೆಂಬುದನ್ನು ಭೂವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪಿದ್ದು ೧೯೬೦ರ ದಶಕದಲ್ಲಿ; ೧೯೩೦ರಲ್ಲಿ ಕಂಡುಹಿಡಿದ ಪ್ಲೂಟೋವನ್ನು ಗ್ರಹಗಳ ಪಂಕ್ತಿಯಿಂದ ತೆಗೆದದ್ದು ೨೦೦೬ರಲ್ಲಿ. ಬೇಸಗೆಯ ರಜೆಯಲ್ಲಿ ಮಗುವಿಗೆ ಒಂದು ಸಂಪುಟವನ್ನೂ ಒಂದು ಸೀಸದ ಕಡ್ಡಿಯನ್ನೂ ಕೊಟ್ಟು, ಬದಲಾದ ಸಂಗತಿಯನ್ನು ಹುಡುಕಿ, ಯಾವ ವರ್ಷ ಯಾವ ಕಾರಣದಿಂದ ಬದಲಾಯಿತೆಂದು ಅಂಚಿನಲ್ಲಿ ಬರೆಯುವುದಕ್ಕೆ ಹೇಳಬಹುದು. ಅಂಚುಗಳು ಸಾಕಷ್ಟು ಅಗಲವಾಗಿಲ್ಲದಿದ್ದರೆ ನಡುನಡುವೆ ಬಿಳಿಯ ಹಾಳೆಗಳನ್ನು ಸೇರಿಸಿ ಮತ್ತೆ ಕಟ್ಟಿಸಿಕೊಳ್ಳಬೇಕು; ಪುಸ್ತಕ ಕಟ್ಟುವವರು ಒಬ್ಬಿಬ್ಬರು ನಮ್ಮ ಪೇಟೆಗಳಲ್ಲಿ ಇನ್ನೂ ಇದ್ದಾರೆ.